ಶಸ್ತ್ರವೈದ್ಯರ ಯೋಗ್ಯಾವಿಧಿ

ಅಕ್ಷರಾಭ್ಯಾಸ ಮಾಡುವ ಬಾಲಕನು ಮರಳಿನ ಮೇಲೆ ತಪ್ಪಿ ಬರೆದರೆ ಅಳಿಸಿ ತಿದ್ದಬಹುದು. ಶಸ್ತ್ರವೈದ್ಯನು ಬರೆಯುವ ಫಲಕವಾದರೋ ಜೀವಂತ ಮನುಷ್ಯನ ದೇಹ. ಅಲ್ಲಿ ತಪ್ಪಿದ ಗೆರೆಯನ್ನು ಅಳಿಸಬಾರದು. ಹಾಗಾದರೆ ಹೊಸ ಶಿಷ್ಯನ ಕೈ ಪಳಗತಕ್ಕದ್ದೆಲ್ಲಿ? ಆ ಪಳಗಿಕೆಯ ಬೆಲೆಯನ್ನು ತೆರತಕ್ಕವರಾರು? ಈ ಪ್ರಶ್ನೆಗೆ ಕಾಲಕಾಲಕ್ಕೆ ದೊರೆತ ಉತ್ತರಗಳನ್ನು ವಾಚಕ ಮಹಾಶಯರ ಮುಂದಿಡುವುದೇ ಈ ಲೇಖನದ ಉದ್ದೇಶವು.

ಸುಶ್ರುತಸಂಹಿತೆಯ ಸೂತ್ರಸ್ಥಾನದ 9ನೆಯ ಅಧ್ಯಾಯಕ್ಕೆ ಯೋಗ್ಯಾಸೂತ್ರೀಯವೆಂದು ಹೆಸರು. ‘ಯೋಗ್ಯಾ’ ಎಂದರೆ ಕರ್ಮಾಭ್ಯಾಸ. ಶಾಸ್ತ್ರವನ್ನು ಎಷ್ಟೇ ಕೇಳಿದವನಾದರೂ ಅಭ್ಯಾಸ ಮಾಡದವನು ಕರ್ಮಕ್ಕೆ ಅರ್ಹನಲ್ಲವೆಂಬುದು ಅದರ ಸಿದ್ಧಾಂತ. ಛೇದನವನ್ನು ಕುಂಬಳ, ಸೋರೆ, ಸೌತೆಗಳಲ್ಲಿಯೂ, ಭೇದನವನ್ನು ನೀರು ಕೆಸರು ತುಂಬಿದ ತೊಗಲಿನ ಚೀಲಗಳಲ್ಲಿಯೂ, ಲೇಖನವನ್ನು ಕೂದಲುಳ್ಳ ಚರ್ಮದ ಮೇಲೂ, ವೇಧನವನ್ನು ಸತ್ತ ಪಶುವಿನ ಸಿರೆ ಮತ್ತು ನೈದಿಲೆಯ ದಂಟುಗಳಲ್ಲಿಯೂ ಕಲಿಯಬೇಕು. ಏಷಣಕ್ಕೆ ಹುಳು ಕೊರೆದ ಮರ, ಆಹರಣಕ್ಕೆ ಹಲಸು ಬಿಲ್ವಗಳ ತಿರುಳು, ವಿಸ್ರಾವಣಕ್ಕೆ ಜೇನುಮೇಣ ಬಳಿದ ಬೂರುಗದ ಹಲಗೆ, ಸೀವನಕ್ಕೆ ಬಟ್ಟೆಯ ಅಂಚು. ಕಟ್ಟು ಕಟ್ಟುವುದನ್ನು ಕಲಿಯಲು ಮನುಷ್ಯಾಕೃತಿಯ ಗೊಂಬೆಯೂ ಉಂಟು. ಇವುಗಳಲ್ಲಿ ಗೊಂಬೆಯ ಹೊರತು ಯಾವುದೂ ದೇಹದಂತೆ ಕಾಣುವುದಿಲ್ಲ. ಆದರೆ ಒಂದೊಂದೂ ದೇಹದ ಒಂದೊಂದು ಗುಣವನ್ನು ಕೈಗೆ ತಿಳಿಸುತ್ತದೆ. ಆಚಾರ್ಯರ ಸೂಕ್ಷ್ಮದೃಷ್ಟಿಯು ಇಲ್ಲಿಯೇ ಇದೆ.

18ನೆಯ ಶತಮಾನದ ಫ್ರಾನ್ಸಿನಲ್ಲಿ ಮದಾಮ್ ದ್ಯು ಕೂದ್ರೆ ಎಂಬ ಸೂಲಗಿತ್ತಿಯು ಬಟ್ಟೆ ತೊಗಲುಗಳಿಂದ ಗರ್ಭಾಶಯದ ಮತ್ತು ಶಿಶುವಿನ ಆಕೃತಿಗಳನ್ನು ರಚಿಸಿದಳು. 1759ರಲ್ಲಿ ಹದಿನೈದನೆಯ ಲೂಯಿ ದೊರೆಯ ಆಜ್ಞಾಪತ್ರವನ್ನು ಪಡೆದು, ಊರೂರು ತಿರುಗಿ ಹಳ್ಳಿಯ ಹೆಂಗಸರಿಗೆ ಪ್ರಸವಕರ್ಮವನ್ನು ಕಲಿಸಿದಳು. ಆದರೂ ಶಸ್ತ್ರಶಾಲೆಗಳಲ್ಲಿ ಬಹುಕಾಲ ನಡೆದದ್ದು ಗುರುವಿನ ಪಕ್ಕದಲ್ಲಿ ನಿಂತು ರೋಗಿಯ ಮೇಲೆಯೇ ಕಲಿಯುವ ಪದ್ಧತಿಯು.

1980ರ ದಶಕದ ಕೊನೆಯಿಂದ ಲ್ಯಾಪರೊಸ್ಕೋಪಿಯು ಹಬ್ಬಿದಾಗ ಈ ಪದ್ಧತಿಯು ಸಾಲದಾಯಿತು. ಚಿಕ್ಕ ರಂಧ್ರಗಳಲ್ಲಿ ಉದ್ದನೆಯ ಉಪಕರಣಗಳನ್ನು ತೂರಿಸಿ, ಪರದೆಯ ಚಿತ್ರವನ್ನು ನೋಡುತ್ತ ಕೆಲಸ ಮಾಡಬೇಕು. ಆಳವು ಕಣ್ಣಿಗೆ ಸರಿಯಾಗಿ ತಿಳಿಯದು. ಕೈ ಎಡಕ್ಕೆ ಸರಿದರೆ ಉಪಕರಣದ ತುದಿ ಬಲಕ್ಕೆ ಸರಿಯುತ್ತದೆ. ಇದನ್ನು ನೋಡಿ ಕಲಿಯಲಾಗದು. ಆದಕಾರಣ ಪೆಟ್ಟಿಗೆಯೊಳಗೆ ಕ್ಯಾಮೆರಾ ಇಟ್ಟು, ಬಿಲ್ಲೆಗಳನ್ನು ಗೂಟದಿಂದ ಗೂಟಕ್ಕೆ ಸಾಗಿಸುವ, ಬಟ್ಟೆಯನ್ನು ಗೆರೆಯಂತೆ ಕತ್ತರಿಸುವ, ಗಂಟು ಹಾಕುವ ಅಭ್ಯಾಸಗಳು ಹುಟ್ಟಿದವು. ಗಣಕಯಂತ್ರವು ತೋರಿಸುವ ಕಲ್ಪಿತ ದೃಶ್ಯದಲ್ಲಿ ಕೈಯಾಡಿಸುವ ಯಂತ್ರಗಳೂ ಬಂದವು.

ಇವು ಬರಿಯ ಆಟಿಕೆಗಳೇ? ಅಮೆರಿಕದ ಯೇಲ್ ವಿಶ್ವವಿದ್ಯಾಲಯದವರು 16 ಮಂದಿ ತರುಣ ಶಸ್ತ್ರವೈದ್ಯರನ್ನು ಪರೀಕ್ಷಿಸಿ 2002ರಲ್ಲಿ ಫಲವನ್ನು ಪ್ರಕಟಿಸಿದರು. ಯಂತ್ರದಲ್ಲಿ ಪಳಗಿದವರು ಪಿತ್ತಕೋಶವನ್ನು ಬಿಡಿಸುವ ಕೆಲಸವನ್ನು ಶೇಕಡಾ 29ರಷ್ಟು ಬೇಗ ಮುಗಿಸಿದರು. ಪಳಗದವರಲ್ಲಿ ಪಿತ್ತಕೋಶಕ್ಕೆ ಗಾಯವಾಗುವ ಅಥವಾ ಬೇರೆಡೆ ಸುಡುವ ಸಂಭವವು ಐದು ಪಟ್ಟು ಹೆಚ್ಚಾಗಿತ್ತು. ಇಂತಹ ಪೆಟ್ಟಿಗೆಯ ಮೇಲಿನ ಪರೀಕ್ಷೆಯಲ್ಲಿ ತೇರ್ಗಡೆಯಾಗುವುದು ಆ ದೇಶದಲ್ಲಿ ಶಸ್ತ್ರವೈದ್ಯರ ಅರ್ಹತೆಗೆ ಆವಶ್ಯಕವಾಗಿದೆ. ನಮ್ಮ ದೇಶದಲ್ಲಿಯೂ 2020ರ ನಿಯಮಗಳು ವೈದ್ಯಕೀಯ ಕಾಲೇಜುಗಳಲ್ಲಿ ಕೌಶಲ್ಯಶಾಲೆ ಇರಬೇಕೆಂದು ವಿಧಿಸಿವೆ.

ಯಂತ್ರವು ದುಬಾರಿಯೆಂದು ಅಭ್ಯಾಸವನ್ನೇ ಬಿಡುವುದು ಸರಿಯಲ್ಲ. ಗಣಕಯಂತ್ರವಿಲ್ಲದೆಡೆ ಪೆಟ್ಟಿಗೆ ಸಾಕು. ಹೊಲಿಗೆಗೆ ಬಟ್ಟೆಯ ಅಂಚು ಇಂದಿಗೂ ಸಾಕು. ಜಿಲ್ಲಾಸ್ಪತ್ರೆಯ ಬಡರೋಗಿಯ ದೇಹವು ಮೊದಲ ಪಾಠದ ಹಲಗೆಯಾಗಬಾರದೆಂಬುದೇ ಮುಖ್ಯವು. ಗುರುವಿನ ಸಾನ್ನಿಧ್ಯವನ್ನು ಯಾವ ಯಂತ್ರವೂ ತುಂಬಲಾರದು. ಆದರೆ ಶಿಷ್ಯನ ಮೊದಲ ತಪ್ಪುಗಳನ್ನು ಕುಂಬಳಕಾಯಿಯು ಸಹಿಸಬಲ್ಲದು, ಮನುಷ್ಯನು ಸಹಿಸಲಾರನು.