ಥಿನ್ನರ್ ವಾಸನೆಯ ಇತಿಹಾಸ (ಭಾಗ 3)

ಕುಳಗಿ ನೇಚರ್ ಕ್ಯಾಂಪಿಗೆ ಬಂದೋರೆಲ್ಲ "ಎಂಥಾ ಗಾಳಿ ನೋಡ್ರಿ ಇಲ್ಲಿ" ಅಂತಾರೆ. ಈ ಗಾಳಿ ಬಿಟ್ಟು ಬೆಂಗಳೂರಿನ ಗಾರ್ಮೆಂಟ್ಸ್‌ಗೆ ಹೋಗೋ ನಮ್ಮ ಕಡೆಯ ಹುಡುಗಿಯರು ಅಲ್ಲಿ ಏನು ಉಸಿರಾಡ್ತಾರೆ? ಈ ಕತೆ ಶುರುವಾಗೋದು ಸ್ವೀಡನ್‌ನಲ್ಲಿ.

👉 1897, ಉಪ್ಸಾಲಾ. ಯುರೋಪಿಗೆಲ್ಲ ಸೈಕಲ್ ಹುಚ್ಚು ಹಿಡಿದಿದ್ದ ಕಾಲ. ಟೈರ್ ಕಾರ್ಖಾನೆಯಲ್ಲಿ ರಬ್ಬರ್ ಕರಗಿಸೋಕೆ ಬೆಂಜೀನ್ ಬಳಸ್ತಿದ್ರು. ಅಲ್ಲಿ ಕೆಲಸ ಮಾಡ್ತಿದ್ದ ಎಳೆ ವಯಸ್ಸಿನ ಹೆಣ್ಣುಮಕ್ಕಳಲ್ಲಿ ರಕ್ತಸ್ರಾವ ಕಾಣಿಸಿಕೊಂಡು ನಾಲ್ವರು ತೀರಿಕೊಂಡರು. ಸಾಂಟೆಸನ್ ಎಂಬ ವಿಜ್ಞಾನಿ ಇದನ್ನು ದಾಖಲಿಸಿದ. ಬೆಂಜೀನ್ ಎಲುಬಿನ ಮಜ್ಜೆಯನ್ನೇ ಕೆಡಿಸುತ್ತೆ, ಹೊಸ ರಕ್ತ ಹುಟ್ಟೋದೇ ನಿಲ್ಲುತ್ತೆ. ಅದು ರಕ್ತದ ಕ್ಯಾನ್ಸರ್‌ಗೂ ಕಾರಣ ಅಂತ ಜಗತ್ತು ಒಪ್ಪೋಕೆ ಮತ್ತೂ ಎಷ್ಟೋ ದಶಕ ಹಿಡೀತು.

👉 ಆಮೇಲೆ ತೈವಾನ್. 1970ರಿಂದ 1992ರವರೆಗೆ ಆರ್‌ಸಿಎ ಎಂಬ ಅಮೆರಿಕನ್ ಕಂಪನಿಯ ಟಿವಿ ಕಾರ್ಖಾನೆ ಇತ್ತು. ಕೆಲಸದವರಲ್ಲಿ ಹೆಚ್ಚಿನವರು ಹೆಂಗಸರು. ಟ್ರೈಕ್ಲೋರೋಎಥಿಲೀನ್‌ನಂಥ ದ್ರಾವಕಗಳನ್ನು ನೆಲಕ್ಕೆ ಸುರಿದರು, ಅದೇ ನೆಲದ ನೀರನ್ನು ಕೆಲಸಗಾರರು ಕುಡಿದರು. ಬಯಲಾಗಿದ್ದು 1994ರಲ್ಲಿ, ಕಾರ್ಖಾನೆ ಮುಚ್ಚಿದ ಮೇಲೆ! ಸ್ತನ ಕ್ಯಾನ್ಸರ್ ಬಂದವರೂ ಸೇರಿ ಕೋರ್ಟ್ ಮೆಟ್ಟಿಲೇರಿದರು. 2015ರಲ್ಲಿ ಮೊದಲ ತೀರ್ಪು ಅವರ ಪರ ಬಂತು. ಅಷ್ಟರಲ್ಲಿ ಎಷ್ಟೋ ಜನ ಇರಲಿಲ್ಲ.

👉 ಈಗ ನಮ್ಮ ಕಡೆ ಬರೋಣ. ಶರ್ಟ್ ಮೇಲೆ ಎಣ್ಣೆ ಕಲೆ ಬಿದ್ರೆ ಫಿನಿಶಿಂಗ್ ಸೆಕ್ಷನ್‌ನಲ್ಲಿ ಗನ್ ಹಿಡಿದು ದ್ರಾವಕ ಸಿಂಪಡಿಸಿ ತೆಗೀತಾರೆ. ಕೇಳಿದ್ರೆ "ಥಿನ್ನರ್" ಅಂತಾರೆ. ಥಿನ್ನರ್ ಅನ್ನೋದು ಒಂದು ಕೆಮಿಕಲ್‌ನ ಹೆಸರಲ್ಲ, ಹಲವು ದ್ರಾವಕಗಳ ಮಿಶ್ರಣ. ಒಳಗೆ ಏನಿದೆ ಅನ್ನೋದೇ ಪ್ರಶ್ನೆ.

👉 ಕಾನೂನು ಇಲ್ಲ ಅನ್ನೋ ಹಾಗಿಲ್ಲ. 1948ರ ಕಾರ್ಖಾನೆ ಕಾಯ್ದೆಗೆ ಭೋಪಾಲ್ ಆದಮೇಲೆ, 1987ರಲ್ಲಿ, ಗಾಳಿಯಲ್ಲಿ ಎಷ್ಟು ವಿಷ ಇರಬಹುದು ಅನ್ನೋ ಮಿತಿ ಸೇರಿಸಿದರು. ಆರೋಗ್ಯದ ಬಗ್ಗೆ ಮಾಹಿತಿ ಕೇಳೋ ಹಕ್ಕನ್ನೂ (ಸೆಕ್ಷನ್ 111ಎ) ಕೊಟ್ಟರು. ನಮ್ಮ ಬಿಕಾಂನಲ್ಲಿ ಇಎಸ್‌ಐ ಅಂದ್ರೆ 0.75 ಮತ್ತು 3.25 ಪರ್ಸೆಂಟ್, ಅಷ್ಟಕ್ಕೇ ಮುಗೀತು. ಆದರೆ ಅದೇ ಕಾಯ್ದೆಯ ಪಟ್ಟಿಯಲ್ಲಿ ಬೆಂಜೀನ್‌ನಿಂದ ಬರೋ ಕಾಯಿಲೆಯೂ ಇದೆ, ಅದಕ್ಕೆ ಪರಿಹಾರವೂ ಇದೆ.

ತೊಡಕು ಬೇರೆ ಕಡೆ ಇದೆ. 2016ರ ಏಪ್ರಿಲ್‌ನಲ್ಲಿ ಪಿಎಫ್ ನಿಯಮದ ವಿರುದ್ಧ ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರು ರಸ್ತೆಗಿಳಿದಾಗ ಎರಡೇ ದಿನದಲ್ಲಿ ಕೇಂದ್ರ ಸರ್ಕಾರ ಅದನ್ನ ವಾಪಸ್ ತಗೊಂಡಿತು. ಪಿಎಫ್‌ಗೆ ಪಾಸ್‌ಬುಕ್ ಇದೆ. ಉಸಿರಲ್ಲಿ ಹೋದ ದ್ರಾವಕಕ್ಕೆ ಇಲ್ಲ. ಕ್ಯಾನ್ಸರ್ ಎಷ್ಟೋ ವರ್ಷ ಬಿಟ್ಟು ಬರುತ್ತೆ. ಆಗ ಆಕೆ ಕೆಲಸ ಬಿಟ್ಟು ಊರಿಗೆ ಬಂದಿರ್ತಾಳೆ, ಯಾವ ಡಬ್ಬಿ, ಎಷ್ಟು ದಿನ ಅಂತ ಯಾರು ಹೇಳ್ತಾರೆ?

ನಿಮ್ಮ ಅಕ್ಕ ತಂಗಿ ಆ ಸೆಕ್ಷನ್‌ನಲ್ಲಿದ್ರೆ ಡಬ್ಬಿ ಮೇಲಿನ ಹೆಸರು ಬರೆದಿಟ್ಕೊಳ್ಳೋಕೆ ಹೇಳಿ, ಸಂಬಳದ ಚೀಟಿ ಎಸೀಬೇಡಿ. ಭಾಗ 4ರಲ್ಲಿ ಡ್ರೈಕ್ಲೀನಿಂಗ್ ಅಂಗಡಿ.