ಕಂದಕ, ಜೈಲು, ಹೊಗೆಸೊಪ್ಪು: ಸೆವಿಲ್ ವಿಶ್ವವಿದ್ಯಾಲಯದ ಕಟ್ಟಡದ ಕಥೆ

ಸ್ಪೇನ್ ದೇಶದ ಸೆವಿಲ್ ನಗರದಲ್ಲಿ 1505ರಲ್ಲಿ ಶುರುವಾದ ಒಂದು ವಿಶ್ವವಿದ್ಯಾಲಯ ಇದೆ. ಅದರ ಆಡಳಿತ ಕಚೇರಿ ಇರೋ ಕಟ್ಟಡವನ್ನ ನೋಡಿದ್ರೆ ಯಾರಾದ್ರೂ ಕೋಟೆ ಅಂದ್ಕೋಬೇಕು. ಪಕ್ಕದಲ್ಲೇ ಕಂದಕ, ಕಾವಲುಗಾರರು ನಿಲ್ಲೋ ಗೂಡುಗಳು. ಒಂದು ಜೈಲೂ ಇತ್ತು. ಆದ್ರೆ ಇಲ್ಲಿ ಯಾವ ರಾಜನೂ ವಾಸ ಮಾಡಿಲ್ಲ. ಇದು ಹೊಗೆಸೊಪ್ಪಿನ ಫ್ಯಾಕ್ಟರಿ.

ಹೊಗೆಸೊಪ್ಪಿಗೆ ಇಷ್ಟೊಂದು ಕಾವಲು ಯಾಕೆ? ಅಮೆರಿಕ ಖಂಡದಿಂದ ಬರುತ್ತಿದ್ದ ಈ ಎಲೆಯ ವ್ಯಾಪಾರ ಪೂರ್ತಿ ರಾಜನ ಕೈಯಲ್ಲಿತ್ತು, ಖಜಾನೆಗೆ ಭರ್ಜರಿ ಆದಾಯ. ಹಾಗಾಗಿ 1728ರಲ್ಲಿ ಕಟ್ಟೋಕೆ ಶುರು ಮಾಡಿ, 1758ರಲ್ಲಿ ಇಲ್ಲಿ ಉತ್ಪಾದನೆ ಆರಂಭಿಸಿದರು. ಆಗ ನಶ್ಯದ ಕಾಲ. ಪ್ರಾಣಿಗಳು ಗಾಣ ತಿರುಗಿಸುತ್ತಿದ್ದವು, ಕೆಲಸಗಾರರೆಲ್ಲ ಗಂಡಸರು. ಕಂದಕ ಇದ್ದದ್ದು ಶತ್ರು ಸೈನ್ಯ ಒಳಗೆ ಬರದಿರಲಿ ಅಂತಲ್ಲ, ಮಾಲು ಕದ್ದು ಹೊರಗೆ ಹೋಗದಿರಲಿ ಅಂತ!

ಆಮೇಲೆ ಜನರಿಗೆ ಸಿಗಾರ್ ಹುಚ್ಚು ಹತ್ತಿತು. 19ನೇ ಶತಮಾನದ ಶುರುವಿನಲ್ಲಿ ಹೆಂಗಸರನ್ನ ಕೆಲಸಕ್ಕೆ ತಗೊಂಡರು. ಅವರ ಕೈಚಳಕದ ಬಗ್ಗೆ ತುಂಬಾ ಹೊಗಳಿಕೆ ಕೇಳಿಬರುತ್ತೆ, ಆದ್ರೆ ಅವರಿಗೆ ಕಡಿಮೆ ಕೂಲಿ ಕೊಟ್ರೆ ಸಾಕಿತ್ತು ಅನ್ನೋದೂ ನಿಜ. ಸಾವಿರಾರು ಹೆಂಗಸರು ಉದ್ದುದ್ದ ಹಾಲ್‌ಗಳಲ್ಲಿ ಕೂತು ಸಿಗಾರ್ ಸುತ್ತುತ್ತಿದ್ದರು. ನಮ್ಮ ದಕ್ಷಿಣ ಕನ್ನಡದ ಬೀಡಿ ಕಟ್ಟೋ ಲೆಕ್ಕ ಗೊತ್ತಲ್ಲ? ಅದೇ ಲೆಕ್ಕ: ಎಷ್ಟು ಸುತ್ತಿದರೆ ಅಷ್ಟು ಕಾಸು. ಎಳೆಮಕ್ಕಳನ್ನ ಜೊತೆಗೇ ಕರ್ಕೊಂಡು ಬರುತ್ತಿದ್ದರು. ಸಂಜೆ ಹೊರಡುವಾಗ ಮೈ ತಡವಿ ತಪಾಸಣೆ.

ಇದೇ ಫ್ಯಾಕ್ಟರಿಯ ಒಬ್ಬ ಕೆಲಸಗಾರ್ತಿ ಜಗತ್ತಿಗೆಲ್ಲ ಗೊತ್ತು, ಕಾರ್ಮೆನ್. ಅವಳು ಕಾಲ್ಪನಿಕ. ಫ್ರೆಂಚ್ ಲೇಖಕ ಮೆರಿಮೆ 1845ರಲ್ಲಿ ಕಥೆ ಬರೆದ, 1875ರಲ್ಲಿ ಬಿಜೆ ಅದನ್ನ ಒಪೆರಾ ಮಾಡಿದ. ಜಗಳಗಂಟಿ, ಗಂಡಸರ ತಲೆ ಕೆಡಿಸೋಳು, ಕೊನೆಗೆ ಪ್ರೇಮಿಯ ಕೈಯಲ್ಲೇ ಸಾಯೋಳು. ಪ್ರವಾಸಿಗರು ಇವತ್ತಿಗೂ ಅವಳನ್ನೇ ಹುಡುಕಿಕೊಂಡು ಬರ್ತಾರೆ. ನಿಜವಾದ ಹೆಂಗಸರೂ ಜಗಳ ಮಾಡಿದ್ದರು ನೋಡಿ, ಪ್ರೇಮಕ್ಕಲ್ಲ, ಕೂಲಿಗೆ. ಮೆಷಿನ್ ಬರುತ್ತೆ, ಕೆಲಸ ಹೋಗುತ್ತೆ ಅನ್ನೋ ಭಯಕ್ಕೆ ದಂಗೆ ಎದ್ದಿದ್ದೂ ಉಂಟು. ಒಪೆರಾದಲ್ಲಿ ಆ ದೃಶ್ಯ ಇಲ್ಲ.

ಮೆಷಿನ್ ಕೊನೆಗೂ ಬಂತು, ಕೆಲಸಗಾರ್ತಿಯರ ಸಂಖ್ಯೆ ಇಳೀತಾ ಹೋಯ್ತು. 1950ರ ದಶಕದಲ್ಲಿ ಸಿಗರೇಟ್ ತಯಾರಿ ನದಿಯ ಆಚೆ ದಡಕ್ಕೆ ಹೋಯ್ತು, ಹಳೇ ಕಟ್ಟಡ ವಿಶ್ವವಿದ್ಯಾಲಯದ ಪಾಲಾಯ್ತು. ಆಚೆ ದಡದ ಫ್ಯಾಕ್ಟರಿಯೂ 2007ರಲ್ಲಿ ಮುಚ್ಚಿತು. ಈಗ ಹಳೇ ಹಾಲ್‌ಗಳಲ್ಲಿ ಇತಿಹಾಸ, ಭಾಷೆಗಳ ಪಾಠ ನಡೆಯುತ್ತೆ, ಕಡತಗಳು ಓಡಾಡುತ್ತವೆ.

ಆ ಹೆಂಗಸರ ಮುಖ ನೋಡಬೇಕು ಅಂದ್ರೆ ಸೆವಿಲ್‌ನ ಲಲಿತಕಲಾ ಮ್ಯೂಸಿಯಂಗೆ ಹೋಗಬೇಕು. ಗೊನ್ಸಾಲೊ ಬಿಲ್ಬಾವೊ 1915ರಲ್ಲಿ ಮುಗಿಸಿದ ದೊಡ್ಡ ಚಿತ್ರ ಅಲ್ಲಿದೆ: ಫ್ಯಾಕ್ಟರಿಯ ಹಾಲ್, ಸಾಲಾಗಿ ಕೂತ ಕೆಲಸಗಾರ್ತಿಯರು, ಅವರ ನಡುವೆ ಮಗುವಿಗೆ ಹಾಲೂಡಿಸ್ತಾ ಕೂತ ಒಬ್ಬ ತಾಯಿ.