ಕ್ರಿಸ್‌ಮಸ್ ಉಡುಗೊರೆಯ ಡಬ್ಬಿ ಕ್ಯಾಮೆರಾ

ಡಿಸೆಂಬರ್ ಎಂದರೆ ಅಮೆರಿಕದಲ್ಲಿ ಕ್ಯಾಮೆರಾ ಮಾರುವವರಿಗೆ ಸುಗ್ಗಿ, ಫೋಟೊ ತೆಗೆಯುವವರಿಗೆ ಬರಗಾಲ. ಕೊಡಕ್ ಕಂಪನಿಯ ತವರಾದ ರಾಚೆಸ್ಟರ್ ಪಟ್ಟಣದಲ್ಲಿ ಆ ತಿಂಗಳು ಸಂಜೆ ಐದಕ್ಕೆ ಮೊದಲೇ ಸೂರ್ಯ ಮುಳುಗುತ್ತಾನೆ. ಹಗಲಲ್ಲೂ ಮೋಡ ಕವಿದೇ ಇರುವ ದಿನಗಳೇ ಹೆಚ್ಚು. ಕ್ರಿಸ್‌ಮಸ್ ಬೆಳಗ್ಗೆ ಮಗುವೊಂದು ಪೊಟ್ಟಣದ ಕಾಗದ ಹರಿದು ಹೊಸ ಕ್ಯಾಮೆರಾ ಕೈಗೆತ್ತಿಕೊಳ್ಳುವ ಹೊತ್ತಿಗೆ ಮನೆಮಂದಿಯೆಲ್ಲ ಒಳಗೆ, ಅಲಂಕರಿಸಿದ ಮರದ ಸುತ್ತ ಕೂತಿರುತ್ತಾರೆ. ತೆಗೆಯಬೇಕೆನಿಸುವ ಚಿತ್ರಗಳೆಲ್ಲ ಒಳಗಿವೆ. ಕ್ಯಾಮೆರಾ ಕೇಳುವ ಬಿಸಿಲು ಹೊರಗೂ ಇಲ್ಲ. ಉಡುಗೊರೆಯಾಗಿ ಬಂದ ಕ್ಯಾಮೆರಾವನ್ನು ಬಳಸಲು ಜನ ಕಲಿತ ಕಥೆಯಲ್ಲಿ ಮುಕ್ಕಾಲು ಪಾಲು ಈ ಪೇಚಿನಿಂದಲೇ ಹುಟ್ಟಿದ್ದು.

ಜಾರ್ಜ್ ಈಸ್ಟ್‌ಮನ್ 1888ರಲ್ಲಿ ಮೊದಲ ಕೊಡಕ್ ಕ್ಯಾಮೆರಾ ಮಾರುಕಟ್ಟೆಗೆ ತಂದಾಗ ಅದರ ಬೆಲೆ 25 ಡಾಲರ್. ಕಂಪನಿಯೇ ಅದರೊಳಗೆ 100 ಚಿತ್ರಗಳ ರೀಲು ತುಂಬಿ ಕೊಡುತ್ತಿತ್ತು. ಕಲಿಯಬೇಕಾದ್ದು ಮೂರೇ ಕೆಲಸ: ದಾರ ಎಳೆದು ಷಟರ್ ಸಜ್ಜು ಮಾಡುವುದು, ಕೀಲಿ ತಿರುಗಿಸಿ ರೀಲು ಮುಂದಕ್ಕೆ ಸರಿಸುವುದು, ಗುಂಡಿ ಒತ್ತುವುದು. ನೂರು ಚಿತ್ರ ಮುಗಿದ ಮೇಲೆ ಕ್ಯಾಮೆರಾವನ್ನೇ 10 ಡಾಲರ್ ಜೊತೆ ಕಂಪನಿಗೆ ಕಳಿಸಿದರೆ ಫೋಟೊಗಳೂ ಹೊಸ ರೀಲು ತುಂಬಿದ ಕ್ಯಾಮೆರಾವೂ ಮರಳಿ ಬರುತ್ತಿದ್ದವು. ಗುಂಡಿ ಒತ್ತುವುದು ನಿಮ್ಮದು, ಉಳಿದದ್ದು ನಮ್ಮದು ಎಂಬ ಹೆಸರಾಂತ ಜಾಹೀರಾತು ಹುಟ್ಟಿದ್ದು ಆಗಲೇ. ಅದು ಉಳ್ಳವರ ಆಟಿಕೆ, ಮಕ್ಕಳ ಕೈಗೆ ಕೊಡುವ ವಸ್ತುವಲ್ಲ.

ಮಕ್ಕಳ ಕೈಗೆ ಬಂದದ್ದು 1900ರ ಫೆಬ್ರವರಿಯಲ್ಲಿ. ಫ್ರಾಂಕ್ ಬ್ರೌನೆಲ್ ರೂಪಿಸಿದ ಬ್ರೌನಿ ಎಂಬ ಡಬ್ಬಿ ಕ್ಯಾಮೆರಾದ ಬೆಲೆ ಒಂದೇ ಡಾಲರ್. ಆರು ಚಿತ್ರಗಳ ರೀಲಿಗೆ 15 ಸೆಂಟ್. ಚರ್ಮದಂತೆ ಕಾಣುವ ಹೊದಿಕೆ ಹಾಕಿದ ರಟ್ಟಿನ ಪೆಟ್ಟಿಗೆ, ಮುಂದೊಂದು ಸಾದಾ ಮಸೂರ, ಅಷ್ಟೇ. ಚಿತ್ರದ ಚೌಕಟ್ಟನ್ನು ನೋಡುವ ಕಿಂಡಿಯೂ ಇರಲಿಲ್ಲ. ಪೆಟ್ಟಿಗೆಯ ಮೇಲೆ ಕೊರೆದ ‘ವಿ’ ಆಕಾರದ ಗೆರೆಗಳ ನೇರಕ್ಕೆ ಗುರಿ ಹಿಡಿಯಬೇಕಿತ್ತು. ಮೊದಲ ಕಂತಿನ ಕ್ಯಾಮೆರಾಗಳ ಹಿಂಬದಿಯ ಮುಚ್ಚಳ ಸಡಿಲವಾಗಿ ಕಳಚಿ ಬರುತ್ತಿದ್ದುದರಿಂದ ಅದನ್ನು ಬೇಗನೆ ಬದಲಿಸಬೇಕಾಯಿತು. ಪಾಮರ್ ಕಾಕ್ಸ್ ಎಂಬ ಚಿತ್ರಗಾರ ಬರೆದಿದ್ದ ಬ್ರೌನಿ ಎಂಬ ಕುಳ್ಳ ಯಕ್ಷರು ಆ ಕಾಲದ ಮಕ್ಕಳಿಗೆಲ್ಲ ಅಚ್ಚುಮೆಚ್ಚು. ಆ ಹೆಸರನ್ನೇ ಕ್ಯಾಮೆರಾಕ್ಕೆ ಇಟ್ಟು, ಅವರ ಚಿತ್ರಗಳನ್ನೇ ಪೊಟ್ಟಣದ ಮೇಲೆ ಅಚ್ಚು ಹಾಕಿದರು. ಮೊದಲ ವರ್ಷವೇ ಒಂದು ಲಕ್ಷಕ್ಕೂ ಹೆಚ್ಚು ಕ್ಯಾಮೆರಾ ಖರ್ಚಾದವು. ಈಸ್ಟ್‌ಮನ್‌ನ ಲೆಕ್ಕ ಸರಳ: ಕ್ಯಾಮೆರಾ ಒಮ್ಮೆ ಮಾರುವುದು, ರೀಲು ಜೀವಮಾನವಿಡೀ ಮಾರುವುದು. ಆದರೆ ಮೊದಲ ರೀಲು ಪೂರ್ತಿ ಹಾಳಾದ ಮಗು ಎರಡನೆಯದನ್ನು ಕೊಳ್ಳುವುದಿಲ್ಲ. ಹೀಗಾಗಿ ಕಲಿಸುವ ಹೊಣೆ ಕಂಪನಿಯ ತಲೆಗೇ ಬಂತು.

ಆ ಪಾಠಗಳನ್ನು ಇಂದು ಓದಿದರೆ ಮಜವಾಗಿರುತ್ತದೆ. ಸೂರ್ಯ ಬೆನ್ನ ಹಿಂದೆ, ಇಲ್ಲವೇ ಹೆಗಲ ಮೇಲೆ ಇರಬೇಕು. ಕ್ಯಾಮೆರಾ ಸೊಂಟಕ್ಕೆ ಒತ್ತಿ ಹಿಡಿದಿರಬೇಕು, ವಾಲಬಾರದು. ಗುಂಡಿ ಒತ್ತುವಾಗ ಉಸಿರು ಬಿಗಿಹಿಡಿಯಬೇಕು. ರೀಲು ತುಂಬುವುದು ನೆರಳಲ್ಲಿ. ಹಿಂಬದಿಯ ಕೆಂಪು ಕಿಂಡಿಯಲ್ಲಿ 1 ಎಂಬ ಅಂಕಿ ಕಾಣುವ ತನಕ ಕೀಲಿ ತಿರುಗಿಸುವುದು. ಇಷ್ಟೂ ಹೊರಗಿನ ಪಾಠ. ಮನೆಯೊಳಗಿನ ಚಿತ್ರಕ್ಕೆ ಬೇರೆಯೇ ಕೋಷ್ಟಕ. ಗೋಡೆ ಬಿಳಿಯಾಗಿದ್ದು, ಒಂದಕ್ಕಿಂತ ಹೆಚ್ಚು ಕಿಟಕಿಗಳಿದ್ದು, ಹೊರಗೆ ಚೆನ್ನಾಗಿ ಬಿಸಿಲಿದ್ದರೆ ಷಟರ್ 2 ಸೆಕೆಂಡ್ ತೆರೆದಿರಬೇಕು. ಗೋಡೆ ಗಾಢ ಬಣ್ಣದ್ದಾಗಿ, ಒಂದೇ ಕಿಟಕಿಯಿದ್ದು, ಮೋಡ ದಟ್ಟವಾಗಿ ಕವಿದಿದ್ದರೆ 2 ನಿಮಿಷ 40 ಸೆಕೆಂಡ್. ಅಷ್ಟು ಹೊತ್ತೂ ಕ್ಯಾಮೆರಾ ಮೇಜಿನ ಮೇಲೆ ಅಲುಗದೆ ಕೂತಿರಬೇಕು, ಎದುರಿಗಿರುವವರೂ ಅಲುಗಬಾರದು. ಹೊಸ ಆಟಿಕೆ ಸಿಕ್ಕ ತಮ್ಮ ತಂಗಿಯರನ್ನು ಡಿಸೆಂಬರಿನ ಕೋಣೆಯಲ್ಲಿ ಹಾಗೆ ಕೂರಿಸುವುದು ಯಾವ ಅಣ್ಣನಿಂದಲೂ ಆಗುವ ಕೆಲಸವಲ್ಲ. ಖಾಲಿ ಕುರ್ಚಿ, ಅಲಂಕಾರದ ಮರ, ನಿದ್ದೆಹೋದ ಬೆಕ್ಕು ಇಂಥವುಗಳ ಚಿತ್ರವಷ್ಟೇ ಚೆನ್ನಾಗಿ ಬರಲು ಸಾಧ್ಯ.

ಜನರ ಚಿತ್ರವೇ ಬೇಕೆಂದು ಹಟ ಹಿಡಿದವರಿಗೆ ಈಸ್ಟ್‌ಮನ್ ಕಂಪನಿ ಉರಿಹಾಳೆಗಳನ್ನು ಮಾರುತ್ತಿತ್ತು. ಹಾಳೆಯನ್ನು ರಟ್ಟಿಗೆ ಗುಂಡುಸೂಜಿಯಿಂದ ಚುಚ್ಚಿ ನಿಲ್ಲಿಸಿ, ಷಟರ್ ತೆರೆದು, ಉದ್ದನೆಯ ಕಡ್ಡಿಯ ತುದಿಗೆ ಸಿಕ್ಕಿಸಿದ ಬೆಂಕಿಕಡ್ಡಿಯಿಂದ ಅದಕ್ಕೆ ಉರಿ ತಾಗಿಸಬೇಕು. ಭಗ್ಗನೆ ಬೆಳಕಾಗುತ್ತದೆ, ಕೂಡಲೇ ಷಟರ್ ಮುಚ್ಚಬೇಕು. ಒಣ ಮರ, ಬಣ್ಣದ ಕಾಗದ, ಮಕ್ಕಳು ತುಂಬಿದ ಕೋಣೆಯಲ್ಲಿ ಇದನ್ನು ಮಾಡಿಯೂ ಅಮೆರಿಕದ ಮನೆಗಳು ಉಳಿದದ್ದು ಅಚ್ಚರಿಯೇ.

ತಪ್ಪುಗಳಂತೂ ಧಾರಾಳ. ಕೀಲಿ ತಿರುಗಿಸಲು ಮರೆತರೆ ಒಂದರ ಮೇಲೊಂದು ಚಿತ್ರ ಬೀಳುತ್ತಿತ್ತು: ಅಜ್ಜಿಯ ಹೊಟ್ಟೆಯ ಮೇಲೆ ಹಸು, ಚರ್ಚಿನ ಗೋಪುರದೊಳಗೆ ನಾಯಿ. ಸೂರ್ಯನನ್ನು ಬೆನ್ನಿಗಿಟ್ಟುಕೊಳ್ಳಿ ಎಂಬ ಮಾತನ್ನು ಚಾಚೂತಪ್ಪದೆ ಪಾಲಿಸಿದವರ ನೆರಳು ಉದ್ದವಾಗಿ ಚಾಚಿ ಚಿತ್ರದೊಳಗೇ ಬಂದು ಬೀಳುತ್ತಿತ್ತು. ಹಳೆಯ ಆಲ್ಬಮ್‌ಗಳಲ್ಲಿ ಟೋಪಿ ಹಾಕಿದ ಆ ನೆರಳನ್ನು ಈಗಲೂ ಕಾಣಬಹುದು. ಎಷ್ಟೋ ಮನೆಗಳಲ್ಲಿ ಫೋಟೊ ತೆಗೆದವರ ಗುರುತಾಗಿ ಉಳಿದಿರುವುದು ಅದೊಂದೇ.

ಕೈಪಿಡಿಯೊಂದೇ ಸಾಲದೆಂದು ಕಂಪನಿ 1900ರಲ್ಲೇ ಬ್ರೌನಿ ಕ್ಯಾಮೆರಾ ಕ್ಲಬ್ ತೆರೆದು, ಮಕ್ಕಳ ಒಳ್ಳೆಯ ಚಿತ್ರಗಳಿಗೆ 500 ಡಾಲರ್‌ಗಳ ಬಹುಮಾನ ಸಾರಿತು. ‘ಕೊಡೇಕರಿ’ ಎಂಬ ಪುಟ್ಟ ಪತ್ರಿಕೆ 1913ರಲ್ಲಿ ಶುರುವಾಯಿತು. ಹೊಸ ಕ್ಯಾಮೆರಾ ಕೊಂಡವರ ಮನೆಗೆ ಅದು ಬಿಟ್ಟಿಯಾಗಿ ಬರುತ್ತಿತ್ತು. ಮರುವರ್ಷ ಇನ್ನೊಂದು ಸಾಹಸ. ಹೆನ್ರಿ ಗೇಸ್‌ಮನ್ ಎಂಬ ಸಂಶೋಧಕನಿಗೆ 3 ಲಕ್ಷ ಡಾಲರ್ ಕೊಟ್ಟು ಕೊಂಡ ಹಕ್ಕಿನಿಂದ, ಕ್ಯಾಮೆರಾದ ಬೆನ್ನಲ್ಲೊಂದು ಪುಟ್ಟ ಬಾಗಿಲು ಮಾಡಿ, ತಾರೀಖು, ಊರು, ಹೆಸರು ಎಲ್ಲವನ್ನೂ ಲೋಹದ ಕಡ್ಡಿಯಿಂದ ಅಲ್ಲಿ ಗೀಚಿದರೆ ನೆಗೆಟಿವ್‌ನಲ್ಲೇ ಅಕ್ಷರ ಮೂಡುವಂತೆ ಮಾಡಿದರು. ಉಪಾಯ ಚೆನ್ನಾಗಿತ್ತು. ಆದರೆ ಗುಂಡಿ ಒತ್ತಿದವರು ಕಡ್ಡಿ ಹಿಡಿದು ಬರೆಯುತ್ತ ನಿಲ್ಲಲು ಬಯಸುವುದಿಲ್ಲ. 1930ರ ದಶಕದ ಹೊತ್ತಿಗೆ ಆ ಸೌಲಭ್ಯವೇ ಕಣ್ಮರೆಯಾಯಿತು.

ಪಾಠ ಎಷ್ಟರಮಟ್ಟಿಗೆ ತಲೆಗೆ ಹತ್ತಿತ್ತೆಂದು ಅಳೆಯಲು ಒಂದು ಒಳ್ಳೆಯ ನಿದರ್ಶನವಿದೆ. ಕೆನಡಾದ ಹದಿಹರೆಯದ ಹುಡುಗಿ ಬರ್ನಿಸ್ ಪಾಮರ್‌ಗೆ ಒಂದು ಬ್ರೌನಿ ಸಿಕ್ಕಿತ್ತು. 1911ರ ಕ್ರಿಸ್‌ಮಸ್‌ಗೋ, 1912ರ ಜನವರಿ 10ರ ಹುಟ್ಟುಹಬ್ಬಕ್ಕೋ ಬಂದ ಉಡುಗೊರೆ ಅದು. ಏಪ್ರಿಲ್‌ನಲ್ಲಿ ತಾಯಿಯೊಂದಿಗೆ ಮೆಡಿಟರೇನಿಯನ್ ಪ್ರವಾಸಕ್ಕೆಂದು ನ್ಯೂಯಾರ್ಕ್‌ನಲ್ಲಿ ಆಕೆ ಹತ್ತಿದ ಹಡಗು ಕಾರ್ಪೇಥಿಯಾ. ಕೆಲವೇ ದಿನಗಳಲ್ಲಿ ಅದು ಟೈಟಾನಿಕ್‌ನ ಕರೆ ಕೇಳಿ ಓಡಿ, 700ಕ್ಕೂ ಹೆಚ್ಚು ಜನರನ್ನು ಹತ್ತಿಸಿಕೊಂಡಿತು. ಬೆಳಕು ಹರಿದ ಮೇಲೆ ಬರ್ನಿಸ್ ಹಿಮಗಡ್ಡೆಯ ಚಿತ್ರ ತೆಗೆದಳು, ಬದುಕಿ ಬಂದವರು ಡೆಕ್ಕಿನ ಮೇಲೆ ಎರವಲು ಬಟ್ಟೆಯಲ್ಲಿ ನಿಂತಿದ್ದುದನ್ನೂ ತೆಗೆದಳು. ತೆರೆದ ಕಡಲು, ಹಗಲ ಬೆಳಕು, ಓಡಾಡದೆ ನಿಂತ ಜನ: ಡಬ್ಬಿ ಕ್ಯಾಮೆರಾ ಕೇಳುವುದೆಲ್ಲ ಅಲ್ಲಿತ್ತು. ಬೆಲೆ ಕಟ್ಟುವ ಪಾಠ ಮಾತ್ರ ಯಾವ ಕೈಪಿಡಿಯಲ್ಲೂ ಇರಲಿಲ್ಲ. ಹಡಗು ನ್ಯೂಯಾರ್ಕ್‌ಗೆ ಮರಳಿದ ಮೇಲೆ ಅಂಡರ್‌ವುಡ್ ಅಂಡ್ ಅಂಡರ್‌ವುಡ್ ಎಂಬ ಚಿತ್ರಸಂಸ್ಥೆ 10 ಡಾಲರ್ ಕೊಟ್ಟು, ರೀಲು ತೊಳೆದು ಪ್ರಿಂಟ್ ಹಾಕಿ ಮರಳಿಸುವುದಾಗಿ ಹೇಳಿ, ಅಚ್ಚಿನ ಹಕ್ಕು ಪಡೆಯಿತು. ಆಕೆ 1986ರಲ್ಲಿ ಸ್ಮಿತ್‌ಸೋನಿಯನ್ ಸಂಸ್ಥೆಗೆ ಕೊಟ್ಟ ಆ ಕ್ಯಾಮೆರಾ ಇಂದಿಗೂ ಅಲ್ಲಿದೆ.

ಇನ್ನೊಂದು ಕಥೆ ಬೇಸಿಗೆ ರಜೆಯದು. 1916ರಲ್ಲಿ ಹದಿನಾಲ್ಕರ ಹುಡುಗ ಆನ್ಸೆಲ್ ಆ್ಯಡಮ್ಸ್‌ನನ್ನು ಅಪ್ಪ ಅಮ್ಮ ಕ್ಯಾಲಿಫೋರ್ನಿಯಾದ ಯೊಸೆಮಿಟಿ ಕಣಿವೆಗೆ ಕರೆದೊಯ್ದು, ಕೈಗೊಂದು ಬ್ರೌನಿ ಕೊಟ್ಟರು. ಹಾಫ್ ಡೋಮ್ ಎಂಬ ಬೃಹತ್ ಬಂಡೆ ಚೆನ್ನಾಗಿ ಕಾಣಲೆಂದು ಹುಡುಗ ಒಂದು ಲಡ್ಡುಹಿಡಿದ ಮರದ ಬೊಡ್ಡೆ ಹತ್ತಿದ. ಬೊಡ್ಡೆ ಕುಸಿಯಿತು, ತಲೆಕೆಳಗಾಗಿ ಬೀಳುವಾಗ ಬೆರಳು ಷಟರ್ ಒತ್ತಿಬಿಟ್ಟಿತು. ಅಲ್ಲಿನ ಸ್ಟುಡಿಯೊದ ಪಿಲ್ಸ್‌ಬರಿ ರೀಲು ತೊಳೆದು ನೋಡಿದರೆ, ಉಳಿದವೆಲ್ಲ ನೆಟ್ಟಗಿರುವಾಗ ಅದೊಂದು ಚಿತ್ರ ಮಾತ್ರ ರೀಲಿನಲ್ಲಿ ತಲೆಕೆಳಗು. ಕ್ಯಾಮೆರಾ ಉಲ್ಟಾ ಹಿಡಿದಿದ್ದೆಯಾ ಎಂದು ಅವರು ವಿಚಾರಿಸಿದರಂತೆ. ಮುಂದೆ ಆ್ಯಡಮ್ಸ್ ಫೋಟೊ ತೊಳೆಯುವ ಅಂಗಡಿಯಲ್ಲಿ ಕೆಲಸಕ್ಕೆ ಸೇರಿ ಕತ್ತಲೆಕೋಣೆಯ ವಿದ್ಯೆ ಕಲಿತ. ಅಮೆರಿಕದ ಅತಿ ಪ್ರಸಿದ್ಧ ನಿಸರ್ಗ ಛಾಯಾಗ್ರಾಹಕನಾದ ಮೇಲೂ ಆ ಬೀಳುವಾಗಿನ ಚಿತ್ರ ಆತನಿಗೆ ಅಚ್ಚುಮೆಚ್ಚಿನದಾಗಿಯೇ ಉಳಿಯಿತು.

ಕಂಪನಿ ಕಲಿಸಲು ಅಷ್ಟೇನೂ ಆಸಕ್ತಿ ತೋರದ ಪಾಠವೊಂದಿತ್ತು, ಮರ್ಯಾದೆಯದು. ಅಪರಿಚಿತರನ್ನು ಕೇಳದೆ ಕ್ಲಿಕ್ಕಿಸುವವರ ಕಾಟ ಬ್ರೌನಿಗೆ ಮೊದಲೇ ಶುರುವಾಗಿತ್ತು. ಖಾಸಗಿತನದ ಹಕ್ಕಿನ ಬಗ್ಗೆ ವಾರನ್ ಮತ್ತು ಬ್ರಾಂಡೈಸ್ ಎಂಬ ವಕೀಲರು 1890ರ ಡಿಸೆಂಬರಿನಲ್ಲಿ ಹಾರ್ವರ್ಡ್ ಕಾನೂನು ಪತ್ರಿಕೆಯಲ್ಲಿ ಬರೆದ ಲೇಖನ ದಿಢೀರ್ ಫೋಟೊಗಳನ್ನೇ ಬೊಟ್ಟು ಮಾಡಿತ್ತು.

1930ರಲ್ಲಿ ಕಂಪನಿಗೆ ಐವತ್ತು ತುಂಬಿದಾಗ, ಆ ವರ್ಷ ಹನ್ನೆರಡು ತುಂಬುವ ಮಕ್ಕಳಿಗೆ ಸುಮಾರು 5 ಲಕ್ಷ ಕ್ಯಾಮೆರಾಗಳನ್ನು, ರೀಲು ಸಹಿತ, ಬಿಟ್ಟಿ ಹಂಚಲಾಯಿತು. ಈಸ್ಟ್‌ಮನ್‌ನ ಹಳೆಯ ಲೆಕ್ಕವೇ, ಇನ್ನೂ ದೊಡ್ಡ ಅಳತೆಯಲ್ಲಿ.

ಅದೇ ಹೊತ್ತಿಗೆ ಫ್ಲಾಶ್ ಬಲ್ಬು ಬಂದು ಉರಿಹಾಳೆಗಳ ಕಾಲ ಮುಗಿಯತೊಡಗಿತು. ಒಳಕೋಣೆ ಕೊನೆಗೂ ಕ್ಯಾಮೆರಾದ ವಶವಾಯಿತು. ಕೊಡಕ್ ಇದನ್ನು ಪೂರ್ತಿ ಬಳಸಿಕೊಂಡದ್ದು ಎರಡನೆಯ ಮಹಾಯುದ್ಧದ ನಂತರ. ಕ್ಯಾಮೆರಾ, ರೀಲು, ಬಲ್ಬು, ಬ್ಯಾಟರಿ ಎಲ್ಲವೂ ಒಂದೇ ಪೆಟ್ಟಿಗೆಯಲ್ಲಿ. ಮೇಲೆ ‘ನನ್ನನ್ನೇ ಮೊದಲು ತೆರೆಯಿರಿ’ ಎಂಬ ಚೀಟಿ. ಉಳಿದ ಉಡುಗೊರೆಗಳನ್ನು ತೆರೆಯುವಾಗಿನ ಮುಖಗಳನ್ನು ಅದರಲ್ಲೇ ಹಿಡಿಯಬೇಕಲ್ಲ! ವ್ಯಾಪಾರದ ಜಾಣತನದಲ್ಲಿ ಇದಕ್ಕೆ ಸಾಟಿಯಿಲ್ಲ. ಆದರೆ ಅದರಿಂದ ಕಂಪನಿಗೇ ಒಂದು ಬಿಕ್ಕಟ್ಟು ಎದುರಾಯಿತು: ಪೊಟ್ಟಣ ಬಿಚ್ಚಿದ ಐದು ನಿಮಿಷದೊಳಗೆ ಚಿತ್ರ ತೆಗೆಯಬೇಕಾದವರು ಕೈಪಿಡಿ ಓದುವುದು ಯಾವಾಗ? 1963ರ ಇನ್‌ಸ್ಟಾಮ್ಯಾಟಿಕ್ ಕ್ಯಾಮೆರಾ ಈ ಪ್ರಶ್ನೆಗೆ ಉತ್ತರವೆಂದೇ ತೋರುತ್ತದೆ. ಅದರ ರೀಲು ಪ್ಲಾಸ್ಟಿಕ್ ಡಬ್ಬಿಯೊಳಗೇ ಬರುತ್ತಿತ್ತು, ಒಂದೇ ದಿಕ್ಕಿನಲ್ಲಿ ಕೂರುತ್ತಿತ್ತು. ತಪ್ಪಾಗಿ ತುಂಬಲು ಆಸ್ಪದವೇ ಇಲ್ಲ. 1965ರಲ್ಲಿ ನಾಲ್ಕು ಮುಖದ ಫ್ಲಾಶ್‌ಕ್ಯೂಬ್ ಸೇರಿದ ಮೇಲೆ ಬಲ್ಬನ್ನು ಪ್ರತಿ ಸಲ ಬದಲಿಸುವ ಕೆಲಸವೂ ತಪ್ಪಿತು. ಅರವತ್ತು ವರ್ಷಗಳ ಕಾಲ ಮಕ್ಕಳಿಗೆ ಕಲಿಸುತ್ತ ಬಂದ ಕಂಪನಿ, ಕೊನೆಗೆ ಅವರು ಕಲಿಯಬೇಕಾದ್ದನ್ನೆಲ್ಲ ಕ್ಯಾಮೆರಾದೊಳಗೇ ತುಂಬಿಬಿಟ್ಟಿತು. ಗೋಡೆಯ ಬಣ್ಣ, ಕಿಟಕಿಗಳ ಸಂಖ್ಯೆ ನೋಡಿ ಬೆಳಕು ಅಳೆಯಬಲ್ಲ ಹನ್ನೆರಡರ ಹುಡುಗಿ ಆಮೇಲೆ ಸಿಗುವುದು ಕಷ್ಟವಾಯಿತು. ಅದು ನಷ್ಟವೋ ಅಲ್ಲವೋ, ಫೋಟೊಗಳಂತೂ ಮೊದಲಿಗಿಂತ ಸ್ಪಷ್ಟವಾಗಿ ಬಂದವು.

ನಮ್ಮ ಕಡೆ ಕಲಿಕೆಯ ದಾರಿ ಬೇರೆ. ಇಲ್ಲಿನ ಮನೆಗಳಲ್ಲಿ ಮೊದಲ ಕ್ಯಾಮೆರಾ ಎಂದರೆ ಬಹಳ ಕಾಲ ಬರೋಡಾದ ನ್ಯೂ ಇಂಡಿಯಾ ಇಂಡಸ್ಟ್ರೀಸ್ ತಯಾರಿಸುತ್ತಿದ್ದ ಆಗ್ಫಾ ಕ್ಲಿಕ್ ಥ್ರೀ. 120 ರೀಲು, ಹನ್ನೆರಡು ಚೌಕ ಚಿತ್ರ. ಊಟಿಯ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ ‘ಇಂದು’ ಎಂಬ ಹೆಸರಿನಲ್ಲಿ ಕಪ್ಪು ಬಿಳುಪು ರೀಲು ತಂದಿತು. ಕರಾವಳಿಯ ಮನೆಗಳಿಗೆ ಎಪ್ಪತ್ತು, ಎಂಬತ್ತರ ದಶಕಗಳಲ್ಲಿ ಗಲ್ಫ್‌ನಿಂದ ರಜೆಗೆ ಬಂದ ಮಾವಂದಿರು ಟೇಪ್ ರೆಕಾರ್ಡರಿನ ಜೊತೆ ಯಾಶಿಕಾ ಕ್ಯಾಮೆರಾ ತಂದರು. ಕೈಪಿಡಿ ಇಂಗ್ಲಿಷಿನಲ್ಲೋ ಜಪಾನಿಯಲ್ಲೋ ಇರುತ್ತಿತ್ತು, ಯಾರೂ ಓದುತ್ತಿರಲಿಲ್ಲ. ಪೇಟೆಯ ಸ್ಟುಡಿಯೊದವನೇ ಗುರು. ರೀಲು ಹಾಕಿಕೊಡುವವನೂ ಅವನೇ, ತೊಳೆದು ಕೊಟ್ಟು ಎಲ್ಲಿ ಕೈ ನಡುಗಿದೆ, ಎಲ್ಲಿ ಬೆಳಕು ಹೊಕ್ಕಿದೆ ಎಂದು ತೋರಿಸುವವನೂ ಅವನೇ. ಮೂವತ್ತಾರು ಚಿತ್ರಗಳ ರೀಲು ಗಣೇಶ ಚೌತಿಗೆ ಶುರುವಾಗಿ ಯುಗಾದಿಗೆ ಮುಗಿಯುತ್ತಿದ್ದುದರಿಂದ, ತಪ್ಪು ಗೊತ್ತಾಗುವಷ್ಟರಲ್ಲಿ ಮಾವ ದುಬೈಗೆ ಮರಳಿ ತಿಂಗಳುಗಳೇ ಕಳೆದಿರುತ್ತಿದ್ದವು. ಇನ್ನೂ ಗಟ್ಟಿಯಾಗಿ ಕಲಿಯಬೇಕೆಂಬವರಿಗೆ ಬೆಂಗಳೂರಿನಲ್ಲಿ ಸಂಘಗಳಿದ್ದವು, ಅಲ್ಲಿನ ಡಾ. ಜಿ. ಥಾಮಸ್ ಮುಂದೆ ನಿಂತು 1953ರಲ್ಲಿ ದೇಶದ ಛಾಯಾಗ್ರಾಹಕ ಸಂಘಗಳ ಒಕ್ಕೂಟವನ್ನೇ ಕಟ್ಟಿದರು.

ಕ್ಲಿಕ್ ಥ್ರೀಯ ಆ 120 ರೀಲು ಮೂಲದಲ್ಲಿ 1901ರ ಎರಡನೆಯ ನಂಬರ್ ಬ್ರೌನಿಗೆಂದೇ ಹುಟ್ಟಿದ್ದು. ಅಳತೆ ಇಂದಿಗೂ ಬದಲಾಗಿಲ್ಲ. ಹೊಸ ರೀಲು ಈಗಲೂ ತಯಾರಾಗುತ್ತಿದೆ. ಅಟ್ಟದ ಮೇಲೆ ಸಿಕ್ಕ ಕ್ಲಿಕ್ ಥ್ರೀಗೆ ಅದನ್ನು ತುಂಬಲು ಹೊರಟ ಕಾಲೇಜು ಹುಡುಗರು ಮೊಬೈಲಿನಲ್ಲಿ ವಿಡಿಯೊ ಹಾಕಿಕೊಂಡು, ನೆರಳಲ್ಲಿ ಕೂತು, ಕೆಂಪು ಕಿಂಡಿಯಲ್ಲಿ 1 ಬರುವುದನ್ನು ಕಾಯುತ್ತಾರೆ.